ಹೊಗೆಕೊಳವೆಯ ದಿಕ್ಕು

ಈ ವಾರ ಒಂದು ಬೆಳಗ್ಗೆ, ಪಕ್ಕದ ಮನೆಯಿಂದ ಜೋಳದ ರೊಟ್ಟಿ ತಟ್ಟುವ ಸದ್ದು ಎಂದಿನಂತೆ ಕೇಳಿಬರುತ್ತಿದ್ದಾಗ, ಕೈಯ ಕೆಲಸವನ್ನು ಬಿಟ್ಟು ನಾನು ಅದನ್ನು ಆಲಿಸುತ್ತ ನಿಂತೆನು. ಏಕೆಂದರೆ ಹಿಂದಿನ ದಿನವಷ್ಟೇ ಕೈಸೇರಿದ್ದ ನನ್ನ ತಂಗಿಯ ಮಗಳ ಪತ್ರದಲ್ಲಿ ಆ ಸದ್ದಿನ ಪ್ರಸ್ತಾಪವೇ ಇದ್ದಿತು. ಅಮೆರಿಕೆಯಲ್ಲಿ ಹುಟ್ಟಿ ಬೆಳೆದ ಆಕೆ, ತನ್ನ ಕ್ರೈಸ್ತ ದೇವಾಲಯದ ಸಭೆಯ ಹತ್ತು ಮಂದಿಯೊಡನೆ, ಹತ್ತು ದಿನಗಳ ಸೇವಾಯಾತ್ರೆಗೆಂದು ಗ್ವಾಟೆಮಾಲ ದೇಶದ ಬೆಟ್ಟದ ಸೀಮೆಗೆ ಹೋಗಿದ್ದಳು. ಉಳಿದ ದಿನಗಳನ್ನೆಲ್ಲ ನಾಲ್ಕು ಸಾಲಿನಲ್ಲಿ ಮುಗಿಸಿ ಒಂದೇ ಒಂದು ದಿನವನ್ನು ಮೂರು ಪುಟ ಬರೆದಿದ್ದಾಳೆ.

ಅಂದಿನ ಕೆಲಸ ಒಲೆ ಕಟ್ಟುವುದು. ಆ ಸೀಮೆಯ ಕಕ್ಚಿಕೆಲ್ ಜನರ ಅನೇಕ ಮನೆಗಳಲ್ಲಿ ಇಂದಿಗೂ ನೆಲದ ಮೇಲೆ ಮೂರು ಕಲ್ಲು, ನಡುವೆ ಬೆಂಕಿ. ಹೊಗೆ ಹೋಗಲು ದಾರಿಯಿಲ್ಲ. ತಾಯಂದಿರ ಕಣ್ಣೂ ಎದೆಯೂ ಆ ಹೊಗೆಯಲ್ಲಿ ಸವೆಯುತ್ತವೆ, ಅಂಬೆಗಾಲಿಡುವ ಕೂಸುಗಳು ಬೆಂಕಿಗೆ ಬೀಳುವುದೂ ಉಂಟು. ಸೊಂಟದೆತ್ತರಕ್ಕೆ ಇಟ್ಟಿಗೆಯ ಕಟ್ಟೆ, ಮೇಲೊಂದು ಉಕ್ಕಿನ ಹಲಗೆ, ಹಿಂದೆ ತಗಡಿನ ಹೊಗೆಕೊಳವೆ, ಇಷ್ಟೇ ಹೊಸ ಒಲೆ. ನಮ್ಮಲ್ಲಿ ಹೊಗೆಯಿಲ್ಲದ ಒಲೆ ಮೊದಲು ಬಂದ ದಿನಗಳನ್ನು ಬಲ್ಲವರಿಗೆ ಇದರ ಬೆಲೆಯನ್ನು ಹೇಳಬೇಕಾಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಎದ್ದಿತು. ಕೊಳವೆಗಾಗಿ ಮಾಡಿನ ತಗಡನ್ನು ಎಲ್ಲಿ ಕೊರೆಯಬೇಕೆಂದು ತಂಡದ ಹಿರಿಯರು ಸುಣ್ಣದ ಕಡ್ಡಿಯಿಂದ ಗುರುತು ಮಾಡಿದರು. 1976ರ ಫೆಬ್ರವರಿಯಲ್ಲಿ ನಡುರಾತ್ರಿ ಕಳೆದ ಮೇಲೆ ಸಂಭವಿಸಿದ ಭೂಕಂಪದಲ್ಲಿ ಮಣ್ಣಿನ ಗೋಡೆಗಳೂ ಭಾರದ ಹೆಂಚುಗಳೂ ಮಲಗಿದ್ದವರ ಮೇಲೆ ಬಿದ್ದು ಸುಮಾರು 23,000 ಜನ ಮಡಿದ ಮೇಲೆ, ಆ ಕಡೆ ಹೆಂಚನ್ನು ಬಿಟ್ಟು ತಗಡನ್ನು ಹೊದಿಸಿದ ಮನೆಗಳು ಬಹಳ. ಗುರುತನ್ನು ಕಂಡ ಮನೆಯೊಡತಿ ಏನನ್ನೋ ನುಡಿದು, ನನ್ನ ಸೋದರ ಸೊಸೆಯ ಮಣಿಕಟ್ಟನ್ನು ಹಿಡಿದು, ಆಚೆಯ ಮೂಲೆಯನ್ನು ತೋರಿಸಿದಳು. ದುಭಾಷಿಯು ಇನ್ನೊಂದು ಮನೆಯಲ್ಲಿದ್ದನು. ಸ್ಪ್ಯಾನಿಷ್ ಬಲ್ಲ ಮಗಳು ಶಾಲೆಗೆ ಹೋಗಿದ್ದಳು. ಆ ತಾಯಿಗಾದರೋ ತನ್ನ ನುಡಿಯ ಹೊರತು ಬೇರೊಂದು ತಿಳಿಯದು. ಉಪಕಾರವನ್ನು ಬೇಡವೆನ್ನುತ್ತಿರುವಳೋ ಏನೋ ಎಂದು ಇವರು ಮುಗುಳ್ನಕ್ಕು, ತಲೆಯಾಡಿಸಿ, ಕತ್ತರಿಯನ್ನು ಹುಡುಕಿದರು. ಅಷ್ಟರಲ್ಲಿ ಮಳೆ ಬಂದಿತು. ಮಳೆಗಾಲದಲ್ಲಿ ಅಲ್ಲಿ ಅಪರಾಹ್ನದ ಮಳೆ ದಿನದ ಮಾತು. ಬೆಟ್ಟದ ಇಳಿಜಾರಿನ ಕಡೆಯಿಂದ ಓರೆಯಾಗಿ ಬೀಸಿದ ಆ ಮಳೆಯ ನೀರು, ಸುಣ್ಣದ ಗುರುತಿದ್ದ ಕಡೆಯ ತಗಡಿನ ಮೇಲೆಯೇ ಹಳ್ಳವಾಗಿ ಹರಿದು, ಬೆಸುಗೆಯ ಸಂದಿನಿಂದ ಸೋರಿ, ಹೊಸ ಕಟ್ಟೆಯ ಹಸಿ ಗಾರೆಯ ಮೇಲೆ ತೊಟ್ಟಿಕ್ಕತೊಡಗಿತು. ಆಚೆಯ ಮೂಲೆ ಒಣಗಿತ್ತು. ಯಾರೂ ಏನೂ ಆಡಲಿಲ್ಲವಂತೆ. ಮಳೆ ನಿಂತ ಮೇಲೆ, ಎರಡು ಸಾಲು ಇಟ್ಟಿಗೆಯನ್ನು ಕಿತ್ತು, ಆಕೆ ತೋರಿದ ಕಡೆಗೆ ಹೊಗೆಯ ದಾರಿಯನ್ನು ತಿರುಗಿಸಿದರು.

ಸಂಜೆ ಒಲೆಯನ್ನು ಹೊತ್ತಿಸುವ ಮುನ್ನ ಪ್ರಾರ್ಥನೆ. ತಂಡದ ಹಿರಿಯರು ಇಂಗ್ಲಿಷಿನಲ್ಲಿ ಒಂದು ವಾಕ್ಯ ನುಡಿಯುವರು, ದುಭಾಷಿ ಅದನ್ನು ಸ್ಪ್ಯಾನಿಷಿಗೆ ತರುವನು, ಶಾಲೆಯಿಂದ ಬಂದ ಮಗಳು ಅದನ್ನು ತನ್ನ ತಾಯಿಯ ನುಡಿಗೆ ಇಳಿಸುವಳು. ಅನಂತರ ಆ ತಾಯಿ, ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದ ಮುಸುಕಿನ ಜೋಳದ ಹಿಟ್ಟನ್ನು ಎರಡು ಅಂಗೈಗಳ ನಡುವೆ ತಟ್ಟತೊಡಗಿದಾಗ, ಬಾಲ್ಯದಲ್ಲಿ ಒಂದೇ ಒಂದು ಬೇಸಗೆ ಬೆಟಗೇರಿಯಲ್ಲಿ ಅಜ್ಜಿಯೊಡನೆ ಕಳೆದಿದ್ದ ಈ ಹುಡುಗಿಗೆ ಕಣ್ಣು ತುಂಬಿತು. ಅಂದು ಅವಳು ಕಲಿತ ಕಕ್ಚಿಕೆಲ್ ಪದ ಒಂದೇ: ಮಾತ್ಯೋಶ್, ಅಂದರೆ ಧನ್ಯವಾದ.

ಹನ್ನೊಂದು ಮಂದಿಯ ವಿಮಾನದ ಹಣವನ್ನು ಆ ಊರಿನ ಗಾರೆಯವರ ಕೈಗೇ ಕೊಟ್ಟಿದ್ದರೆ ಎಷ್ಟೋ ಹೆಚ್ಚು ಒಲೆಗಳಾಗುತ್ತಿದ್ದುವೆಂದು ಇಂಥ ಯಾತ್ರೆಗಳನ್ನು ಒಪ್ಪದವರು ಹೇಳುತ್ತಾರೆ. ಆ ಮಾತು ದಿಟವೆಂದೇ ನಾನು ಭಾವಿಸುತ್ತೇನೆ. ಆದರೆ ಕಟ್ಟಿದ್ದನ್ನು ಕಿತ್ತು, ಅಪರಿಚಿತಳಾದ ತಾಯಿಯೊಬ್ಬಳ ಬೆರಳು ತೋರಿದ ಕಡೆಗೆ ಇಟ್ಟಿಗೆಯನ್ನು ಹೊತ್ತ ಆ ಗಳಿಗೆಯನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕೆಂಬುದು ನನಗೆ ಹೊಳೆಯದು.

ಅದೇ ಕಕ್ಚಿಕೆಲ್ ಜನರ ನಡುವೆ 1917ರಲ್ಲಿ ಕ್ಯಾಮೆರಾನ್ ಟೌನ್ಸೆಂಡ್ ಎಂಬ ಅಮೆರಿಕದ ತರುಣ ಸ್ಪ್ಯಾನಿಷ್ ಬೈಬಲ್ಲುಗಳನ್ನು ಮಾರುತ್ತ ತಿರುಗಿದನು. ಅವರಲ್ಲಿ ಬಹುಮಂದಿಗೆ ಸ್ಪ್ಯಾನಿಷ್ ಬಾರದೆಂಬುದನ್ನು ಕಂಡು, ಮಾರಾಟವನ್ನು ಬಿಟ್ಟು, ಅವರ ನುಡಿಯನ್ನು ಕಲಿಯಲು ವರ್ಷಗಟ್ಟಲೆ ನಿಂತುಬಿಟ್ಟನು. ನಮ್ಮ ಹುಡುಗಿಯ ಅಜ್ಜಿಯ ಊರಾದ ಬೆಟಗೇರಿಯೂ ಒಂದು ಕಾಲಕ್ಕೆ ಬಾಸೆಲ್ ಮಿಷನ್ನಿನವರು ಕಡಲು ದಾಟಿ ಬಂದು ನೆಲೆಸಿದ ಊರು. ಆ ಮಿಷನ್ನಿನ ಕಿಟ್ಟೆಲ್ಲರು 1853ರಲ್ಲಿ ಬಂದರು. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಲವತ್ತೊಂದು ವರ್ಷ ಎಲ್ಲಿ, ಹತ್ತು ದಿನ ಎಲ್ಲಿ! ಆದರೂ ಕಿಟ್ಟೆಲ್ಲರಿಗೂ ಮೊದಲ ಹತ್ತು ದಿನಗಳು ಇದ್ದೇ ಇದ್ದುವು. ಯಾವಳೋ ತಾಯಿ ಯಾವುದೋ ಮೂಲೆಯನ್ನು ತೋರಿಸಿ ಆಡಿದ ಮಾತು ಅವರಿಗೂ ಅರ್ಥವಾಗದೆ ಹೋದ ದಿನವೊಂದು ಇದ್ದಿರಲೇಬೇಕು.

ಕೇಳುಗರೇ, ನಿಮ್ಮ ಮನೆಯಿಂದಲೂ ಯಾರಾದರೂ ಹೀಗೆ ಪರದೇಶಕ್ಕೆ ಸೇವೆಗೆಂದು ಹೊರಟಿದ್ದರೆ, ಆ ಊರಿನ ನುಡಿಯ ಹತ್ತು ಪದಗಳನ್ನಾದರೂ ಕಲಿತು ಹೋಗುವಂತೆ ಹೇಳಿರಿ. ‘ಎಲ್ಲಿ?’ ಎಂಬುದು ಅವುಗಳಲ್ಲಿ ಮೊದಲನೆಯದಾಗಿರಲಿ.