ಮೊದಲ ಸುತ್ತಿನಲ್ಲಿ ಸೋತವನಿಗೆ ಎಷ್ಟು?

ಇವತ್ತು ಒಂದು ಲೆಕ್ಕ ಹಾಕೋಣ. ಎಂಜಿನಿಯರಿಂಗ್ ಓದಿ ಟಿವಿಗೆ ಬಂದವನು ನಾನು, ಆ ಚಾಳಿ ಇನ್ನೂ ಬಿಟ್ಟಿಲ್ಲ.

2025ರ ಜೂನ್ 30, ಸೋಮವಾರ ಬೆಳಿಗ್ಗೆ ನಮ್ಮ ಸುದ್ದಿಮನೆಗೆ ಒಂದು ಸಾಲು ಬಂತು. ಅಮೆರಿಕದ ಅಯೋವಾ ರಾಜ್ಯದ ಕೌನ್ಸಿಲ್ ಬ್ಲಫ್ಸ್ ಅನ್ನೋ ಊರಿನಲ್ಲಿ ನಮ್ಮ ಕಾರ್ಕಳದ ಆಯುಷ್ ಶೆಟ್ಟಿ ಯುಎಸ್ ಓಪನ್ ಬ್ಯಾಡ್ಮಿಂಟನ್ ಗೆದ್ದಿದ್ದ. ಫೈನಲ್‌ನಲ್ಲಿ ಕೆನಡಾದ ಬ್ರಯಾನ್ ಯಾಂಗ್ ವಿರುದ್ಧ 21-18, 21-13. ವಯಸ್ಸು ಇಪ್ಪತ್ತು. ನಾವು ಆ ಸುದ್ದಿಗೆ ಕೊಟ್ಟಿದ್ದು ನಲವತ್ತು ಸೆಕೆಂಡ್. ಓದಿದವನು ನಾನೇ. 'ಕರಾವಳಿಯ ಕುವರ' ಅಂದೆ, ಮುಂದಿನ ಸುದ್ದಿಗೆ ಹೋದೆ.

ಆಮೇಲೆ ಕೂತು ಸೆಮಿಫೈನಲ್ ನೋಡಿದೆ. ನಿಜವಾದ ಕಥೆ ಇದ್ದದ್ದು ಅಲ್ಲಿ. ಎದುರಾಳಿ ತೈವಾನ್‌ನ ಚೌ ಟಿಯೆನ್ ಚೆನ್, ಟೂರ್ನಿಯ ಅಗ್ರ ಶ್ರೇಯಾಂಕಿತ. ಮೇ ತಿಂಗಳಲ್ಲಷ್ಟೇ ತೈಪೆ ಓಪನ್ ಸೆಮಿಫೈನಲ್‌ನಲ್ಲಿ ಆಯುಷ್ ಇದೇ ಚೌ ಕೈಯಲ್ಲಿ ಸೋತಿದ್ದ. ಇಲ್ಲಿಯೂ ಮೊದಲ ಗೇಮ್ 21-23ರಲ್ಲಿ ಹೋಯ್ತು. ಅಂಥ ಗೇಮ್ ಸೋತ ಹುಡುಗರು ಸಾಮಾನ್ಯವಾಗಿ ಎರಡನೆಯದರಲ್ಲಿ ಕುಸಿದು ಬೀಳ್ತಾರೆ. ಇವನು 21-15, 21-14ರಲ್ಲಿ ಮುಗಿಸಿದ. ಆರಡಿ ನಾಲ್ಕಿಂಚಿನ ಹುಡುಗ, ಮೇಲಿಂದ ಇಳಿಸೋ ಸ್ಮ್ಯಾಷ್ ನೋಡಬೇಕು ನೀವು!

ಈಗ ಲೆಕ್ಕ. ಯುಎಸ್ ಓಪನ್ ಅನ್ನೋದು 'ಸೂಪರ್ 300' ದರ್ಜೆಯ ಟೂರ್ನಿ. 2025ರಲ್ಲಿ ಒಟ್ಟು ಬಹುಮಾನ 2,40,000 ಡಾಲರ್ ಇತ್ತು. ಸಿಂಗಲ್ಸ್ ಗೆದ್ದವನಿಗೆ ಅದರಲ್ಲಿ ಶೇ. 7.5, ಅಂದರೆ 18,000 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 15 ಲಕ್ಷ ರೂಪಾಯಿ. ಪರವಾಗಿಲ್ಲ ಅನ್ಸುತ್ತೆ ಅಲ್ವಾ? ಕೆಳಗೆ ಇಳಿಯಿರಿ. ಕೊನೆಯ ಹದಿನಾರರಲ್ಲಿ ಸೋತವನಿಗೆ ಶೇ. 0.35. ಅಂದರೆ 840 ಡಾಲರ್, ಎಪ್ಪತ್ತು ಸಾವಿರದ ಆಸುಪಾಸು. ಮಂಗಳೂರಿನಿಂದ ಅಯೋವಾಕ್ಕೆ ಹೋಗಿ ಬರೋ ಟಿಕೆಟ್‌ಗೆ ಅದು ಸಾಲದು. ಇನ್ನು ಮೊದಲ ಸುತ್ತಿನಲ್ಲೇ ಸೋತವನಿಗೆ? ಸೊನ್ನೆ. ಟಿಕೆಟ್, ಹೋಟೆಲ್, ಊಟ ಎಲ್ಲ ಅವನ ಗಂಟು.

ಹಾಗಂತ ಹೋಗದೆ ಇರೋ ಹಾಗೂ ಇಲ್ಲ. ವಿಶ್ವ ರ‍್ಯಾಂಕಿಂಗ್‌ನಲ್ಲಿ 52 ವಾರಗಳಲ್ಲಿ ಆಡಿದ ಅತ್ಯುತ್ತಮ ಹತ್ತು ಟೂರ್ನಿಗಳ ಅಂಕ ಕೂಡಿಸ್ತಾರೆ. ರ‍್ಯಾಂಕ್ ಇಲ್ಲದಿದ್ದರೆ ದೊಡ್ಡ ಟೂರ್ನಿಗೆ ಪ್ರವೇಶವಿಲ್ಲ, ಊರೂರು ಸುತ್ತದಿದ್ದರೆ ರ‍್ಯಾಂಕ್ ಇಲ್ಲ. ಆಯುಷ್ 2023ರಲ್ಲಿ ಸ್ಪೋಕೇನ್‌ನ ವಿಶ್ವ ಜೂನಿಯರ್‌ನಲ್ಲಿ ಕಂಚು ಗೆದ್ದವನು. ಅಂಥವನಿಗೂ ಮೊದಲ ದೊಡ್ಡ ಕಪ್ ಸಿಗೋಕೆ ಮತ್ತೆ ಒಂದೂಮುಕ್ಕಾಲು ವರ್ಷ ಹಿಡಿಯಿತು.

ಸಾಣೂರಿನ ಮನೆಯಂಗಳದಲ್ಲಿ ಅಪ್ಪ ಆಡೋದು ನೋಡಿ ರ‍್ಯಾಕೆಟ್ ಹಿಡಿದ ಹುಡುಗ ಇವನು. ಆಟ ಗಟ್ಟಿಯಾಗೋಕೆ ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಗೆ ಬರಬೇಕಾಯ್ತು. ಸ್ವತಃ ಪ್ರಕಾಶ್ ಅವರ ಮೂಲ ಕುಂದಾಪುರದ ಹತ್ತಿರದ ಪಡುಕೋಣೆ. ಆದರೆ ಅವರು ಬೆಳೆದದ್ದು ಬೆಂಗಳೂರಿನಲ್ಲಿ, ಮಲ್ಲೇಶ್ವರದ ಕೆನರಾ ಯೂನಿಯನ್ ಕಲ್ಯಾಣ ಮಂಟಪದಲ್ಲಿ ಆಡುತ್ತಾ. ಮದುವೆ ಇದ್ದ ದಿನ ಅಭ್ಯಾಸ ಬಂದ್. ಅಂಥ ಕಡೆ ಕಲಿತವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಆಮೇಲೆ ಅವರೂ ಡೆನ್ಮಾರ್ಕ್‌ಗೆ ಹೋದರು, ಒಳ್ಳೆಯ ಎದುರಾಳಿಗಳು ಅಲ್ಲಿದ್ದರು ಅಂತ. ಈ ಆಟದಲ್ಲಿ ಮನೆ ಬಿಡೋದು ಹೊಸದೇನಲ್ಲ.

ಮಂಗಳೂರಿನಲ್ಲಿ ಶಟಲ್ ಆಡದ ಮನೆ ಯಾವುದಿದೆ ಹೇಳಿ? ಮಳೆಗಾಲ ಮುಗಿದರೆ ಸಾಕು, ಅಂಗಳಕ್ಕೆ ಸುಣ್ಣದ ಗೆರೆ, ಎರಡು ಕಂಬ, ಒಂದು ಹ್ಯಾಲೋಜೆನ್ ಲೈಟು. ನಾನೂ ಹಾಗೇ ಆಡಿದವನು. ನಮ್ಮ ಗುಂಪಿನಲ್ಲಿ ಒಬ್ಬನಿದ್ದ, ನಮ್ಮನ್ನೆಲ್ಲ ಎಡಗೈಯಲ್ಲಿ ಸೋಲಿಸುತ್ತಿದ್ದ. ಜಿಲ್ಲಾ ಮಟ್ಟಕ್ಕೂ ಹೋದ. ಸೆಕೆಂಡ್ ಪಿಯುಸಿ ಬಂತು, ರ‍್ಯಾಕೆಟ್ ಅಟ್ಟ ಸೇರಿತು. ತಪ್ಪು ಯಾರದ್ದೂ ಅಲ್ಲ. ಒಂದು ಸಂಬಳದ ಮನೆಯಲ್ಲಿ ಅವನ ಅಪ್ಪ ನಾನು ಈಗ ಹೇಳಿದ ಲೆಕ್ಕವನ್ನೇ ಹಾಕಿದ್ದರು, ಅಷ್ಟೆ.

ಆ ಸೋಮವಾರ ರಾತ್ರಿ ಅವನದೇ ಫೋನ್. ಬಿಜೈಯಲ್ಲಿ ಅಂಗಡಿ ಇಟ್ಟಿದ್ದಾನೆ.

"ನಲವತ್ತು ಸೆಕೆಂಡಾ ಮಾರಾಯ? ಸೆಮಿಫೈನಲ್ ಬಗ್ಗೆ ಒಂದು ಮಾತೂ ಇಲ್ಲ!"

ಬೈಸಿಕೊಂಡೆ. ಆಮೇಲೆ ಅವನು ಮೆಲ್ಲಗೆ ಹೇಳಿದ, "ನನ್ನ ಮಗಳಿಗೆ ಹತ್ತು ವರ್ಷ. ಚಂದ ಆಡ್ತಾಳೆ. ಗರಿ ಶಟಲ್ ಒಳ್ಳೇದು ಒಂದು ಡಬ್ಬಕ್ಕೆ ಎರಡು ಸಾವಿರದ ಮೇಲೆ ಉಂಟು ಈಗ, ವಾರ ಬರೋದಿಲ್ಲ. ಅದು ಹೋಗ್ಲಿ. ನೀನು ಬೆಂಗಳೂರಲ್ಲಿ ಇರುವವನಲ್ವಾ? ಅಲ್ಲಿಗೇ ಕಳಿಸ್ಬೇಕಾ, ಇಲ್ಲೇ ಇದ್ರೆ ಆಗುದಿಲ್ವಾ?"

ಸ್ಟುಡಿಯೋದಲ್ಲಾದರೆ ನನ್ನ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತೆ. ಅವನಿಗೆ ಹೇಳಿದ್ದು ಇಷ್ಟೇ: ಇನ್ನೆರಡು ವರ್ಷ ಅಲ್ಲೇ ಆಡಲಿ, ಮುಂದಿನ ತಿಂಗಳು ಊರಿಗೆ ಬರ್ತೀನಿ, ಅವಳ ಆಟ ನೋಡ್ತೀನಿ. "ಬರುವಾಗ ಶಟಲ್ ತಾ" ಅಂದ.