ಸೀತಾಸ್ವಯಂವರದ ಜನ್ಮವೃತ್ತಾಂತ



ಮರಾಠೀ ಸಂಗೀತ ರಂಗಭೂಮಿಗೆ ಕನ್ನಡವೇ ತಾಯಿಯೆಂದು ನಾವು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳುತ್ತ ಬಂದಿದ್ದೇವೆ. ಈ ಮಾತಿಗೆ ಲಿಖಿತ ಆಧಾರವೆಷ್ಟು? ಅನ್ಯರು ಕೇಳುವ ಮುನ್ನ ನಾವೇ ಕೇಳಿಕೊಳ್ಳುವದು ಲೇಸು.

ವಿಷ್ಣುದಾಸ ಭಾವೆಯವರ ‘ಸೀತಾಸ್ವಯಂವರ’ವು ಸಾಂಗಲಿಯಲ್ಲಿ 1843ರ ನವೆಂಬರ 5ರಂದು ರಂಗವನ್ನೇರಿತು. ಅದರ ಹುಟ್ಟಿಗೆ ಮುಖ್ಯ ಸಾಕ್ಷಿಗಳು ಭಾವೆಯವರೇ. 1885ರಲ್ಲಿ ಅಚ್ಚಾದ ತಮ್ಮ ‘ನಾಟ್ಯಕವಿತಾಸಂಗ್ರಹ’ದ ಪ್ರಸ್ತಾವನೆಯಲ್ಲಿ, 1842ರಲ್ಲಿ ಕರ್ನಾಟಕದ ಭಾಗವತ ಮೇಳವು ಸಾಂಗಲಿಗೆ ಬಂದುದನ್ನೂ, ಅದರ ಆಟವನ್ನು ಕಂಡ ಸಂಸ್ಥಾನಿಕರಾದ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲಿ ನಾಟಕ ರಚಿಸಲು ತಮಗೆ ಅಪ್ಪಣೆಯಿತ್ತುದನ್ನೂ ಅವರು ಬರೆದಿದ್ದಾರೆ. ಆದರೆ ಆ ಆಟದ ಒರಟುತನವನ್ನು ತಿದ್ದಬೇಕೆಂಬ ಇಚ್ಛೆಯೂ ಆ ಅಪ್ಪಣೆಯೊಳಗಿತ್ತು. ನಮ್ಮವರು ಈ ವೃತ್ತಾಂತದ ಮೊದಲರ್ಧವನ್ನು ಉದ್ಧರಿಸಿ ಎರಡನೆಯದನ್ನು ಬಿಟ್ಟುಬಿಡುವದುಂಟು. ಸಾಕ್ಷಿಯನ್ನು ಕರೆದ ಮೇಲೆ ಅವನ ಪೂರ್ತಿ ಮಾತನ್ನು ಕೇಳಬೇಕು. ಅದೂ ನಾಲ್ಕು ದಶಕಗಳ ತರುವಾಯ ಅಚ್ಚಾದ ಸ್ಮರಣೆಯೆಂಬದನ್ನು ಮರೆಯಬಾರದು. ಆ ಮೇಳವು ಹೊನ್ನಾವರದ ಬಳಿಯ ಕರ್ಕಿಯದೆಂಬದು ನಮ್ಮಲ್ಲಿ ರೂಢಿಯ ಮಾತು. ರೂಢಿಯನ್ನೂ ಬರಹವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪ್ರಸ್ತಾವನೆಗಿಂತಲೂ ಬಲವಾದ ಸಾಕ್ಷಿಯು ಆ ಗ್ರಂಥದ ಹೆಸರಿನಲ್ಲಿಯೇ ಅಡಗಿದೆ. ನಾಟಕಗಳ ಸಂಗ್ರಹಕ್ಕೆ ‘ಕವಿತಾಸಂಗ್ರಹ’ವೆಂಬ ಹೆಸರೇಕೆ? ಭಾವೆಯವರ ಆಟದಲ್ಲಿ ಪದ್ಯಗಳನ್ನೆಲ್ಲ ಸೂತ್ರಧಾರನು ಹಾಡುವನು. ಪಾತ್ರಧಾರಿಗಳು ಅವುಗಳ ಅರ್ಥವನ್ನನುಸರಿಸಿ ಸಮಯಕ್ಕೆ ತೋಚಿದಂತೆ ಮಾತಾಡುವರು. ಮಾತು ಬಾಯೊಳಗೆ ಹುಟ್ಟಿ ಅಲ್ಲಿಯೇ ಲಯವಾಯಿತು. ಬರಹದಲ್ಲಿ ಉಳಿದದ್ದು ಪದ್ಯ ಮಾತ್ರ. ನಮ್ಮ ಯಕ್ಷಗಾನ ಪ್ರಸಂಗಗಳ ಸ್ಥಿತಿಯೂ ಇದೇ ಅಲ್ಲವೇ? ಹಾಡು ಭಾಗವತನದು, ಅರ್ಥ ವೇಷಧಾರಿಯದು. ಮೊದಲಿಗೆ ಗಣಪತಿ, ನಡುವೆ ಹಾಸ್ಯಗಾರ. ಎರಡೂ ಕಡೆಗೆ ಕಟ್ಟು ಒಂದೇ.

ಆದರೂ ‘ತಾಯಿ’ ಎಂಬ ಮಾತು ನಿಲ್ಲದು. ತಂಜಾವೂರಿನ ಮರಾಠಾ ಅರಸು ಶಹಾಜಿಯ (1684–1712) ಮರಾಠೀ ನಾಟಕಗಳ ಹಸ್ತಪ್ರತಿಗಳು ಅಲ್ಲಿಯ ಸರಸ್ವತೀ ಮಹಲಿನಲ್ಲಿವೆ. ಅವು ಭಾವೆಯವರಿಗಿಂತ ಶತಮಾನಕ್ಕೂ ಹಿಂದಿನವು. ಹಾಡನ್ನು ಸೂತ್ರಧಾರನಿಂದ ಬಿಡಿಸಿ ಪಾತ್ರಧಾರಿಗಳ ಕಂಠಕ್ಕೆ ಒಪ್ಪಿಸಿದ ‘ಸಂಗೀತ ಶಾಕುಂತಲ’ವು 1880ರ ಅಕ್ಟೋಬರ 31ರಂದು ಪುಣೆಯಲ್ಲಿ ರಂಗಕ್ಕೆ ಬಂದಿತು. ಅದರ ಕರ್ತೃ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರಾದರೂ, ಊರಿನ ಹೆಸರೊಂದರಿಂದಲೇ ಕಲೆಯ ವಂಶವನ್ನು ಸ್ಥಾಪಿಸಲಾಗದು.

ಹಾಗಾದರೆ ನಮಗೆ ಉಳಿದದ್ದೇನು? ಋಣವಿದೆಯೆಂದು ಋಣಿಯೇ ಬರೆದುಕೊಟ್ಟ ಪತ್ರ. ಸಾಲ ಪಡೆದವರು ಬರೆದಿಟ್ಟುದರಿಂದಲೇ ಈ ಕಥೆಯು ನಮ್ಮ ಕೈಸೇರಿತು. ನಮ್ಮ ಮನೆಗಳ ಅಟ್ಟದ ಮೇಲೆ ಗೆದ್ದಲಿಗೆ ತುತ್ತಾಗುತ್ತಿರುವ ಪ್ರಸಂಗದ ಪ್ರತಿಗಳನ್ನು ಹುಡುಕಿ ಕಾಯ್ದಿಡುವದು ಇನ್ನು ನಮ್ಮ ಕೆಲಸ. ವೇದಿಕೆಯ ಹೆಮ್ಮೆಯು ಚಪ್ಪಾಳೆಯೊಡನೆ ಮುಗಿಯುವದು; ಹಳೆಯ ಪ್ರತಿಯೊಂದು ಉಳಿದರೆ ನಾಳಿನ ಸಂಶೋಧಕನಿಗೆ ಮಾತಾಡಲು ನೆಲೆಯಾಗುವದು.