ಸುರಂಗದ ಬಾಯಲ್ಲಿ ಒಂದು ಪಾಠ



1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮಕ್ಕಳು ಓದುವ ಭಾಷೆ ಕನ್ನಡವಾಗಿಯೇ ಉಳಿದಿದೆ. ಆದರೆ ಪಾಠವನ್ನು ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಭಾಷೆ ಬೇರೂರದು.

ನಮ್ಮ ಗುಡ್ಡಗಳ ಒಡಲಿಗೆ ಅಡ್ಡವಾಗಿ ಅಗೆದ ಸುರಂಗಗಳಿವೆಯಷ್ಟೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯೋಣ. ಒಳಹೊಗದೆ ಬಾಯಲ್ಲಿಯೇ ನಿಲ್ಲಿಸೋಣ. ಒಣಗಿದ ಮುರಕಲ್ಲಿನ ತುಂಡನ್ನು ಅವರು ನೀರಿನಲ್ಲಿ ಮುಳುಗಿಸಲಿ. ಗುಳ್ಳೆಗಳೇಳುವುದನ್ನು ಕಂಡು, ಕಲ್ಲಿನಲ್ಲಿ ರಂಧ್ರಗಳುಂಟೆಂದು ತಾವೇ ಅರಿಯುವರು. ಇಂಗಿದ ಮಳೆನೀರು ಸುರಂಗದಲ್ಲಿ ಜಿನುಗುವ ಬಗೆಯೂ ತಿಳಿಯುವುದು. ಕೊಡ ತುಂಬಲು ಎಷ್ಟು ಹೊತ್ತೆಂದು ಮಳೆ ಬಿಟ್ಟಾಗಲೊಮ್ಮೆ, ಬೇಸಗೆಯಲ್ಲೊಮ್ಮೆ ಬರೆದಿಡಲಿ: ಅದು ವಿಜ್ಞಾನ. ಅಗೆದವರಾರು, ನೀರನ್ನು ಹಂಚಿಕೊಂಡುದು ಹೇಗೆಂದು ಅಜ್ಜಂದಿರನ್ನು ಕೇಳಲಿ: ಅದು ಸಮಾಜಪಾಠ.

ಮಗು ಯಾವ ನುಡಿಯಲ್ಲಿ ಪ್ರಶ್ನಿಸುವುದೋ ಆ ನುಡಿ ಬಾಳುವುದು. ಪ್ರಶ್ನೆಗೆ ಎಡೆಗೊಡುವ ಹೊಣೆ ನಮ್ಮದು.